ಕಲ್ಲುಹೂವನ್ನೂ ಕಡಲಾಮೆಯನ್ನೂ ಹೋಲಿಸುವುದು ಹೇಗೆ?

ಮಡಗಾಂವ್‌ನಲ್ಲಿ ನಮ್ಮ ಪಕ್ಕದ ಮನೆ ಹುಡುಗಿಗೆ ಶಾಲೆಯಲ್ಲಿ ಎರಡು ಜೀವಿಗಳನ್ನು ಹೋಲಿಸುವ ಪ್ರಾಜೆಕ್ಟ್ ಕೊಟ್ಟಿದ್ದರು. ಎಲ್ಲರೂ ಹುಲಿ, ಚಿರತೆ ಅಂತ ಹೋಗುತ್ತಾರೆ. ಗೋವಾದಲ್ಲಿದ್ದುಕೊಂಡು ಅದ್ಯಾಕೆ? ಮಸಾಲೆ ಡಬ್ಬಿಯ ಕಲ್ಲುಹೂವು, ಗಾಲ್ಜಿಬಾಗ್ ತೀರಕ್ಕೆ ಮೊಟ್ಟೆ ಇಡಲು ಬರುವ ಆಲಿವ್ ರಿಡ್ಲಿ ಆಮೆ, ಈ ಜೋಡಿ ಹಿಡಿಯಿರಿ.

ಕಲ್ಲುಹೂವನ್ನು ಇಲ್ಲಿನ ಅಂಗಡಿಯಲ್ಲಿ ದಗಡ್‌ಫೂಲ್ ಅಂತ ಕೇಳಿ. ಮೇಲೆ ಬೂದಿ ಬಣ್ಣ, ಕೆಳಗೆ ಕಪ್ಪು. ಪೊಟ್ಟಣದಲ್ಲಿ ಬೇರೆ ಜಾತಿಯವೂ ಬೆರೆತಿರಬಹುದು, ನೀವು ಮಾತ್ರ ಪಾರ್ಮೊಟ್ರೀಮಾ ಪರ್ಲೇಟಮ್ ಒಂದನ್ನೇ ಹಿಡಿದುಕೊಳ್ಳಿ.

ಕಾಲೆಷ್ಟು, ಕಣ್ಣೆಷ್ಟು ಅಂತ ಶುರು ಮಾಡಿದರೆ ಕಲ್ಲುಹೂವಿನ ಕಡೆ ಬರೀ ಸೊನ್ನೆ. ಇಬ್ಬರೂ ಉತ್ತರ ಕೊಡಬಲ್ಲ ಪ್ರಶ್ನೆ ಹುಡುಕಿ. ಮೊದಲನೆಯದು, ಇದು ಒಂದೇ ಜೀವಿಯಾ? ಆಮೆ ಹೌದು. ಅದರ ಚಿಪ್ಪಿಗೂ ಪಾಚಿ ಹತ್ತುತ್ತದೆ ನಿಜ, ಆದರೆ ಉಜ್ಜಿ ತೆಗೆದರೂ ಆಮೆ ಆಮೆಯೇ. ಕಲ್ಲುಹೂವಿನಲ್ಲಿ ಹಾಗಲ್ಲ: ಶಿಲೀಂಧ್ರ ಮನೆ ಕಟ್ಟುತ್ತದೆ, ಒಳಗಿರುವ ಪಾಚಿ ಬಿಸಿಲಿನಿಂದ ಸಕ್ಕರೆ ಮಾಡಿ ಇಬ್ಬರಿಗೂ ಬಡಿಸುತ್ತದೆ, ಪಾಚಿ ಹೋದರೆ ಕಲ್ಲುಹೂವೇ ಇಲ್ಲ. 1867ರಲ್ಲಿ ಸ್ವಿಸ್ ಸಸ್ಯವಿಜ್ಞಾನಿ ಸೈಮನ್ ಶ್ವೆಂಡೆನರ್ ಹೀಗೆ ಹೇಳಿದಾಗ ಅನೇಕ ಪಂಡಿತರು ನಂಬಲೇ ಇಲ್ಲ.

ಆಮೇಲೆ ನೀರು. ಕಲ್ಲುಹೂವಿಗೆ ಬೇರಿಲ್ಲ, ಮಳೆ ಮಂಜನ್ನೇ ಮೈಯಿಂದ ಹೀರುತ್ತದೆ, ಬೇಸಿಗೆಯಲ್ಲಿ ಒಣಗಿ ಸುಮ್ನೆ ಬಿದ್ದಿರುತ್ತದೆ. ಹೊಗೆಯ ವಿಷವೂ ಹಾಗೇ ಒಳಗೆ ಹೋಗುತ್ತದೆ. ಆಮೆಗೆ ಸುತ್ತಲೂ ಉಪ್ಪುನೀರು, ಜಾಸ್ತಿಯಾದ ಉಪ್ಪನ್ನು ಕಣ್ಣಿನ ಹತ್ತಿರದ ಗ್ರಂಥಿಯಿಂದ ಹೊರಹಾಕುತ್ತದೆ. ಮೊಟ್ಟೆ ಇಡುವಾಗ ಆಮೆ ಅಳುತ್ತದೆ ಅನ್ನುತ್ತಾರಲ್ಲ, ಅದು ಇದೇ.

ಬೆಳವಣಿಗೆಗೆ ಒಂದೇ ಸಾಲು ಸಾಕು: ಕಲ್ಲುಹೂವು ವರ್ಷಕ್ಕೆ ಕೆಲವು ಮಿಲಿಮೀಟರ್, ಆಮೆಯ ಚಿಪ್ಪು ಕೊನೆಗೆ 60-70 ಸೆಂಟಿಮೀಟರ್.

ಸಂತಾನದ ವಿಷಯಕ್ಕೆ ಬಂದರೆ, ಆಮೆ ಮರಳಲ್ಲಿ ಒಂದು ಸಲಕ್ಕೆ ನೂರರ ಆಸುಪಾಸು ಮೊಟ್ಟೆ ಇಟ್ಟು ಹೋಗಿಬಿಡುತ್ತದೆ. ಮರಳು ಬಿಸಿ ಇದ್ದಷ್ಟೂ ಹೆಣ್ಣುಮರಿ ಜಾಸ್ತಿ. ಕಲ್ಲುಹೂವಿನ ಅಂಚಿನಲ್ಲಿ ಹಿಟ್ಟಿನಂಥ ಪುಡಿ ಇರುತ್ತದೆ, ಒಂದೊಂದು ಕಣದಲ್ಲೂ ಶಿಲೀಂಧ್ರ, ಪಾಚಿ ಎರಡೂ ಜೊತೆಯಾಗಿಯೇ ಹೊರಡುತ್ತವೆ. ಆಮೆ ನೋಡಲು ಹೋದರೆ ದೂರ ನಿಲ್ಲಿ, ಟಾರ್ಚ್ ಬಿಡಬೇಡಿ, ಮರಿಗಳಿಗೆ ದಾರಿ ತಪ್ಪುತ್ತದೆ. 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಇದೆ.

ಕೊನೆಗೆ ನೆಂಟಸ್ತಿಕೆ. ಶಿಲೀಂಧ್ರಗಳು ಗಿಡಗಳಿಗಿಂತ ಪ್ರಾಣಿಗಳಿಗೇ ಹತ್ತಿರ. ಅಂದರೆ ಕಲ್ಲುಹೂವಿನ ಶಿಲೀಂಧ್ರಕ್ಕೆ ತಾನು ಕೂತ ಮರಕ್ಕಿಂತ ಕಡಲಿನ ಆಮೆಯೇ ಹತ್ತಿರದ ನೆಂಟ! ಮೇಷ್ಟ್ರು ಈ ಸಾಲಿಗೆ ಕೆಂಪು ಶಾಯಿ ಹಾಕಿದರೂ ಅಳಿಸಬೇಡಿ.