ಆಂಥೂರಿಯಂ ಕಪ್ಪಾಗುವುದು ನಿಂತಿದ್ದು ಹೀಗೆ

ಮುಂಬೈನ ದಾದರ್ ಮಾರ್ಕೆಟ್ಟಿನಿಂದ ತಂದ ಆಂಥೂರಿಯಂ, ಹೆಲಿಕೋನಿಯಾ ಹೂಗಳು ನಮ್ಮ ಮಾಟುಂಗಾ ಅಂಗಡಿಯ ಫ್ರಿಜ್ಜಿನಲ್ಲಿ ಎರಡೇ ದಿನಕ್ಕೆ ಹಾಳಾಗುತ್ತಿದ್ದವು. ಕೆಂಪು ದಳದ ಅಂಚು ಮೊದಲು ನೀಲಿಗಟ್ಟುವುದು, ಆಮೇಲೆ ಕಪ್ಪು ಮಚ್ಚೆ. ನೋಡಿದರೆ ಹೊಟ್ಟೆ ಉರಿಯುತ್ತಿತ್ತು.

"ಹಳೇ ಹೂ ಕೊಟ್ಟಿರ್ತಾರೆ ಅಣ್ಣ" ಅಂದ ತಮ್ಮ. ಇಲ್ಲ, ತಪ್ಪು ನಮ್ಮದೇ. ಫ್ರಿಜ್ಜು ಗುಲಾಬಿಗೆಂದು 3 ಡಿಗ್ರಿಯಲ್ಲಿತ್ತು. ಗುಲಾಬಿಗೆ ಅದು ಹಿತ. ಆದರೆ ಬಿಸಿನಾಡಿನ ಈ ಹೂಗಳಿಗೆ 12 ಡಿಗ್ರಿಗಿಂತ ಕೆಳಗಾದರೆ ಜೀವಕೋಶದ ಪೊರೆಯೇ ಕೆಟ್ಟು ಒಳಗಿನ ರಸ ಸೋರುತ್ತದೆ.

ಹಳೆಯ ಬಾಟಲಿ ಕೂಲರ್ ಒಂದನ್ನು 14 ಡಿಗ್ರಿಗೆ ಇಟ್ಟು, ಒಳಗೊಂದು ಥರ್ಮಾಮೀಟರ್ ನೇತುಹಾಕಿದೆ. ದಂಟಿನ ತುದಿ ಓರೆಯಾಗಿ ಕತ್ತರಿಸಿ ನೀರಿಗಿಟ್ಟೆ. ಬಾಳೆಹಣ್ಣನ್ನೂ ಹತ್ತಿರ ಸೇರಿಸಲಿಲ್ಲ, ಅದರ ಎಥಿಲೀನ್ ಅನಿಲ ಎಷ್ಟೋ ಬಗೆಯ ಹೂಗಳನ್ನು ಬೇಗ ಬಾಡಿಸುತ್ತದೆ. ಕಳೆದ ಸೋಮವಾರ ಇಟ್ಟ ಆಂಥೂರಿಯಂ ಇವತ್ತಿಗೂ ಮೊನ್ನೆ ಕಿತ್ತಂತಿದೆ.