ತಕಿಟ ತಕಧಿಮಿ ಹೇಳಿಕೊಂಡು ಸಿಂತ್ ಪ್ಯಾಡ್ ಕತ್ತರಿಸುವುದು

ಲ್ಯಾಪ್‌ಟಾಪ್ ತೆಗೆಯುವ ಮುಂಚೆ ಒಂದು ಕೆಲಸ ಮಾಡಿ. ತೊಡೆಯ ಮೇಲೆ ನಿಧಾನವಾಗಿ ನಾಲ್ಕು ಏಟು ತಾಳ ಹಾಕುತ್ತಾ, ಏಟಿಗೆ ನಾಲ್ಕು ಅಕ್ಷರದ ಲೆಕ್ಕದಲ್ಲಿ ಇದನ್ನು ಬಾಯಲ್ಲಿ ಹೇಳಿ:

ತಕಿಟ ತಕಿಟ ತಕಿಟ ತಕಿಟ ತಕಧಿಮಿ

ಮೂರು ನಾಲ್ಕಲಿ ಹನ್ನೆರಡು, ಮೇಲೆ ನಾಲ್ಕು. ಒಟ್ಟು 16. ತಕಿಟ ಏಟಿನಿಂದ ಜಾರುತ್ತಾ ಹೋಗಿ, ನಾಲ್ಕನೇ ಏಟಿಗೆ ಸರಿಯಾಗಿ ತಕಧಿಮಿಯ 'ತ' ಬಂದು ಕೂರುತ್ತದೆ. ಆ ಜಾರಿ ಕೂರುವ ಸುಖವನ್ನು ಸಿಂತ್ ಪ್ಯಾಡಿನಲ್ಲಿ, ಅಂದರೆ ಸಿಂಥಸೈಸರಿನ ಎಳೆದ ಹಿನ್ನೆಲೆ ದನಿಯಲ್ಲಿ, ಹೇಗೆ ತರುವುದು ಅಂತ ಇಲ್ಲಿ ಹೇಳುತ್ತೇನೆ.

ಚಿಕ್ಕಂದಿನಲ್ಲಿ ಐದು ವರ್ಷ ಮೃದಂಗ ಕಲಿತೆ. ಕೈಗೆ ಬರುವ ಮುಂಚೆ ಬಾಯಿಗೆ ಬರಬೇಕು ಅನ್ನುತ್ತಿದ್ದರು ನಮ್ಮ ಮೇಷ್ಟ್ರು. ಈಗ ಕಿರುಚಿತ್ರಗಳಿಗೆ ಹಿನ್ನೆಲೆ ಸಂಗೀತ ಮಾಡುವಾಗಲೂ ಅದನ್ನೇ ಪಾಲಿಸುತ್ತೇನೆ. ಸುಮ್ನೆ ಮೌಸಿನಲ್ಲಿ ಚೌಕಗಳನ್ನು ತುಂಬಿಸುತ್ತಾ ಹೋದರೆ ಸದ್ದು ತುಂಡಾಗುತ್ತದೆ, ತಾಳ ಹುಟ್ಟುವುದಿಲ್ಲ.

ಪ್ಯಾಡನ್ನು ಕತ್ತರಿಸುವುದಕ್ಕೆ ಬಳಸುವ ಸಾಧನ ಗೇಟ್. ಗೇಟ್ ಅಂದರೆ ಬಾಗಿಲು, ಅಷ್ಟೇ. ತೆರೆದಾಗ ಸದ್ದು ಹೊರಗೆ ಬರುತ್ತದೆ, ಮುಚ್ಚಿದಾಗ ಇಲ್ಲ. ಮೈಕಿನ ಗುಂಯ್ ಸದ್ದನ್ನು ತಡೆಯುವುದಕ್ಕೆ ಬಳಸುವ ನಾಯ್ಸ್ ಗೇಟ್ ಇದೇ. ಅದರಲ್ಲಿ ಒಳಗೆ ಬರುವ ಸದ್ದೇ ಬಾಗಿಲನ್ನು ತೆರೆಯುತ್ತದೆ. ನಾವು ಆ ಬಾಗಿಲಿನ ಚಿಲಕವನ್ನು ಬೇರೊಂದು ಟ್ರ್ಯಾಕಿನ ಕೈಗೆ ಕೊಡುತ್ತೇವೆ. ಇದಕ್ಕೆ ಸೈಡ್‌ಚೈನ್ ಅನ್ನುತ್ತಾರೆ.

ಸಂಗೀತ ಜೋಡಿಸುವುದಕ್ಕೆ ನಾನು ಬಳಸುವ ಸಾಫ್ಟ್‌ವೇರ್ ರೀಪರ್. 60 ದಿನ ಕಾಸಿಲ್ಲದೆ ಬಳಸಿ ನೋಡಬಹುದು. ಬೇಕಾದ ಗೇಟ್ ಅದರ ಜೊತೆಗೇ ಬರುತ್ತದೆ. ಸಿಂತ್‌ಗೆ ವೈಟಲ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಳ್ಳಿ, ಅದರ ಉಚಿತ ಆವೃತ್ತಿ ಧಾರಾಳ ಸಾಕು.

ಟೆಂಪೊ 120ಕ್ಕೆ (ನಿಮಿಷಕ್ಕೆ 120 ಏಟು) ಇಡಿ. ಮೊದಲ ಟ್ರ್ಯಾಕಿನಲ್ಲಿ ವೈಟಲ್ ತೆರೆದು ಎ ಮೈನರ್ ಕಾರ್ಡನ್ನು (ಒಟ್ಟಿಗೆ ನುಡಿಯುವ ಮೂರು ಸ್ವರ) ಎರಡು ಬಾರ್ (ಒಂದು ಬಾರ್ ಅಂದರೆ ನಾಲ್ಕು ಏಟು) ಉದ್ದಕ್ಕೆ ಹಿಡಿಯಿರಿ. ಸಾ ವೇವ್ (ಗರಗಸದ ಹಲ್ಲಿನ ಆಕಾರದ ಅಲೆ) ಆರಿಸಿ, ಯೂನಿಸನ್ ಐದಾರು ದನಿಗೆ ಏರಿಸಿ ಸ್ವಲ್ಪ ಡಿಟ್ಯೂನ್ ಮಾಡಿ (ದನಿಗಳ ಶ್ರುತಿ ಒಂದಿಷ್ಟು ಆಚೀಚೆ), ಸಸ್ಟೇನ್ (ಸ್ವರ ಹಿಡಿದಿರುವಾಗಿನ ಸದ್ದಿನ ಮಟ್ಟ) ಪೂರ್ತಿ ಇಡಿ. ಕತ್ತರಿಸುವುದಕ್ಕೆ ಮೈತುಂಬಿದ ಸದ್ದು ಬೇಕು. ಬರೀ ಸೈನ್ ವೇವ್ (ನುಣುಪಾದ, ಸರಳ ಅಲೆ) ಕತ್ತರಿಸಿದರೆ ಮೋರ್ಸ್ ಸಂಕೇತದ ಬೀಪ್ ಬೀಪ್ ಥರ ಕೇಳುತ್ತದೆ. ತಾನಾಗೇ ಏರಿಳಿಯುವ ಪ್ಯಾಡ್ ಕೂಡ ಬೇಡ, ಅದರ ಏರಿಳಿತ ನಿಮ್ಮ ತಾಳದ ಜೊತೆ ಜಗಳಕ್ಕೆ ಬೀಳುತ್ತದೆ.

ಎರಡನೇ ಟ್ರ್ಯಾಕಿಗೆ 'ಕತ್ತರಿ' ಅಂತ ಹೆಸರಿಡಿ. ಅದರಲ್ಲಿ ರೀಪರಿನದೇ ಸಿಂತ್ ಆದ ರಿಯಾಸಿಂತ್ ಹಾಕಿ, ಅಟ್ಯಾಕ್ (ಸದ್ದು ಏರುವ ಹೊತ್ತು) ಮತ್ತು ರಿಲೀಸ್ (ಇಳಿಯುವ ಹೊತ್ತು) ಎರಡನ್ನೂ ಆದಷ್ಟು ಕಮ್ಮಿ ಮಾಡಿ. ಈ ಟ್ರ್ಯಾಕ್ ಕಿವಿಗೆ ಬೀಳಬಾರದು, ಹಾಗಾಗಿ ರೂಟಿಂಗ್ ಕಿಟಕಿಯಲ್ಲಿ ಮಾಸ್ಟರ್ ಸೆಂಡಿನ ಗುರುತು ತೆಗೆಯಿರಿ. ಆಮೇಲೆ ಇಲ್ಲಿಂದ ಪ್ಯಾಡ್ ಟ್ರ್ಯಾಕಿಗೆ ಒಂದು ಸೆಂಡ್ ಮಾಡಿ, ಆಡಿಯೊ ಚಾನೆಲ್ 1/2 ಇರುವುದನ್ನು ಅಲ್ಲಿನ ಚಾನೆಲ್ 3/4ಕ್ಕೆ ಕಳಿಸಿ. ಅದೇ ಸೆಂಡಿನಲ್ಲಿ ಮಿಡಿಯನ್ನು (ಯಾವ ಸ್ವರ ಯಾವಾಗ ಅನ್ನುವ ಸೂಚನೆ) ಆಫ್ ಮಾಡುವುದು ಮರೆಯಬೇಡಿ. ರೀಪರ್ ತಾನಾಗೇ ಮಿಡಿಯನ್ನೂ ಜೊತೆಗೆ ಕಳಿಸುತ್ತದೆ, ಆಗ ಕತ್ತರಿಯ ಸ್ವರಗಳನ್ನೆಲ್ಲ ಪ್ಯಾಡೂ ನುಡಿಸುವುದಕ್ಕೆ ಶುರು ಮಾಡುತ್ತದೆ. ಇದು ಗೊತ್ತಿಲ್ಲದೆ ನಾನು ಒಂದು ಇಡೀ ಸಂಜೆ ಕಾರ್ಡ್ ಯಾಕೆ ಅಪಸ್ವರ ಆಗುತ್ತಿದೆ ಅಂತ ಹುಡುಕಿದ್ದೇನೆ.

ಈಗ ಪ್ಯಾಡ್ ಟ್ರ್ಯಾಕಿನಲ್ಲಿ ವೈಟಲ್ ಕೆಳಗೆ ರೀಪರಿನ ಗೇಟ್ ಆದ ರಿಯಾಗೇಟ್ ಸೇರಿಸಿ. ಡಿಟೆಕ್ಟರ್ ಇನ್‌ಪುಟ್ ಅನ್ನುವಲ್ಲಿ ಆಕ್ಸಿಲಿಯರಿ ಆರಿಸಿ. 3/4ರಲ್ಲಿ ಬರುವ ಕತ್ತರಿಯ ಮಾತನ್ನು ಅದು ಕೇಳುವುದು ಹೀಗೆ. ಥ್ರೆಶೋಲ್ಡ್ (ಬಾಗಿಲು ತೆರೆಯುವ ಸದ್ದಿನ ಮಟ್ಟ) ಮೈನಸ್ 30 ಡಿಬಿ ಹತ್ತಿರ, ಅಟ್ಯಾಕ್ 3 ಮಿಲಿಸೆಕೆಂಡ್, ಹೋಲ್ಡ್ ಸೊನ್ನೆ, ರಿಲೀಸ್ 30. ಆರ್‌ಎಂಎಸ್ ಅಳತೆಯನ್ನು (ಸದ್ದಿನ ಸರಾಸರಿ ತೆಗೆಯುವ ಹೊತ್ತು) ಸೊನ್ನೆಗೆ ಇಳಿಸಿದರೆ ಬಾಗಿಲು ತಡವಿಲ್ಲದೆ ತೆರೆಯುತ್ತದೆ.

ಇನ್ನು ಬಾಯಲ್ಲಿ ಹೇಳಿದ್ದನ್ನು ಬರೆಯೋಣ. ಕತ್ತರಿ ಟ್ರ್ಯಾಕಿನಲ್ಲಿ ಒಂದು ಬಾರಿನ ಮಿಡಿ ಐಟಂ ಮಾಡಿ, ಗ್ರಿಡ್ 1/16 ಇಡಿ. 16 ಮನೆ ಸಿಗುತ್ತದೆ. ತಕಿಟದಲ್ಲಿ 'ತಕಿ' ತೆರೆದಿರಲಿ, 'ಟ' ಮುಚ್ಚಿರಲಿ. ತಕಧಿಮಿಯಲ್ಲಿ 'ತ' ಮತ್ತು 'ಧಿ' ಮಾತ್ರ ತೆರೆದಿರಲಿ:

●●○ ●●○ ●●○ ●●○ ●○●○

ಸ್ವರವನ್ನು ಸ್ವಲ್ಪ ಮೇಲಿನ ಸ್ಥಾಯಿಯಲ್ಲೇ ಬರೆಯಿರಿ. ತುಂಬಾ ಕೆಳಗಿನ ಸ್ವರದ ಅಲೆ ನಿಧಾನ, ಅದು ಏರಿಳಿದಾಗಲೆಲ್ಲ ಬಾಗಿಲೂ ನಡುಗಬಹುದು. 'ತಕಿ' ಅನ್ನುವುದನ್ನು ಎರಡು ಮನೆ ಉದ್ದದ ಒಂದೇ ಸ್ವರವಾಗಿ ಬರೆದರೆ ಸದ್ದು ಎಳೆದ ಹಾಗೆ ಇರುತ್ತದೆ. ಎರಡು ಗಿಡ್ಡ ಸ್ವರಗಳಾಗಿ, ಮನೆಯ ಅರ್ಧದಷ್ಟೇ ಉದ್ದಕ್ಕೆ ಬರೆದರೆ ಬೆರಳಲ್ಲಿ ತಟ್ಟಿದ ಹಾಗೆ. ಎರಡನ್ನೂ ಕೇಳಿ ನೋಡಿ. ತೆರೆದ ಮನೆ ಅವೇ, ಆದರೆ ನಡೆ ಬೇರೆಯೇ ಅನ್ನಿಸುತ್ತದೆ.

ಇಲ್ಲಿ ಸ್ವಲ್ಪ ಲೆಕ್ಕ ಬೇಕು. 120ರಲ್ಲಿ ಒಂದು ಏಟು 500 ಮಿಲಿಸೆಕೆಂಡ್, ಒಂದು ಮನೆ 125. ಮುಚ್ಚಿದ ಮನೆ ಒಂದೇ ಇರುವಾಗ ರಿಲೀಸ್ 100 ದಾಟಿದರೆ, ಬಾಗಿಲು ಪೂರ್ತಿ ಮುಚ್ಚುವಷ್ಟರಲ್ಲಿ ಮುಂದಿನ ತಟ್ಟು ಬಂದಿರುತ್ತದೆ. ಟ್ರಾನ್ಸ್ ಹಾಡುಗಳಲ್ಲಿ ಕೇಳುವ 138ರ ವೇಗಕ್ಕೆ ಹೋದರೆ ಮನೆ ಸುಮಾರು 109ಕ್ಕೆ ಇಳಿಯುತ್ತದೆ, ರಿಲೀಸನ್ನೂ ಇಳಿಸಬೇಕು. ಮನೆಯ ಕಾಲು ಭಾಗಕ್ಕಿಂತ ಜಾಸ್ತಿ ಕೊಡದಿರುವುದು ನನ್ನ ರೂಢಿ.

ಹಾಗಂತ ತೀರಾ ಕಮ್ಮಿಯೂ ಬೇಡ. ನನ್ನ ಮೊದಲ ಕಿರುಚಿತ್ರದಲ್ಲಿ ಅಟ್ಯಾಕ್, ರಿಲೀಸ್ ಎರಡನ್ನೂ ಸೊನ್ನೆಗೆ ಇಟ್ಟಿದ್ದೆ. ಇಯರ್‌ಫೋನಿನಲ್ಲಿ ಚೆನ್ನಾಗೇ ಇತ್ತು. ಪ್ರದರ್ಶನದ ದಿನ ದೊಡ್ಡ ಸ್ಪೀಕರಿನಲ್ಲಿ ಪ್ರತಿ ಮನೆಗೂ ಚಟ್ ಚಟ್ ಅಂತ ಕೇಳಿಸಿತು. ಅಮ್ಮ ಮಗಳನ್ನು ಬೀಳ್ಕೊಡುವ ದೃಶ್ಯ ಅದು. ಇವತ್ತಿಗೂ ನೆನೆದರೆ ಸಂಕಟ ಆಗುತ್ತದೆ. ಅಲೆ ನಡುವೆ ಇದ್ದಾಗ ಥಟ್ಟನೆ ಕತ್ತರಿಸಿದರೆ ಹುಟ್ಟುವ ಸದ್ದು ಅದು. ಬೇಸ್ ದನಿಯಲ್ಲಿ ಜಾಸ್ತಿ. 50 ಹರ್ಟ್ಸ್ ಅಲೆಯ ಒಂದು ಸುತ್ತಿಗೇ 20 ಮಿಲಿಸೆಕೆಂಡ್ ಬೇಕು. ಹಾಗಾಗಿ ಬೇಸ್ ಕತ್ತರಿಸುವಾಗ ಅಟ್ಯಾಕ್ 8ರಿಂದ 10ರವರೆಗೆ ಇಡಿ. ಪ್ಯಾಡಿಗೆ 3 ಸಾಕು.

ರಿವರ್ಬ್ (ದೊಡ್ಡ ಜಾಗದಲ್ಲಿ ಕೇಳುವಂಥ ಗುಂಗು) ಗೇಟಿನ ಮುಂಚೆಯೋ ಆಮೇಲೋ? ಮುಂಚೆ ಹಾಕಿದರೆ ರಿವರ್ಬಿನ ಬಾಲವೂ ತುಂಡಾಗಿ, ದೊಡ್ಡ ಸಭಾಂಗಣವನ್ನೇ ಕತ್ತರಿಸಿದ ಹಾಗೆ ಕೇಳುತ್ತದೆ. ಆಮೇಲೆ ಹಾಕಿದರೆ ಬಾಲ ಖಾಲಿ ಮನೆಗಳನ್ನು ತುಂಬುತ್ತದೆ. ನನಗೆ ಮುಂಚೆ ಹಾಕುವುದೇ ಇಷ್ಟ, ಯಾಕೆಂದರೆ ಮೃದಂಗದಲ್ಲಿ ಕಾರ್ವೆ ಅನ್ನುವ ಆ ಬಿಡುವು ಹಾಗೇ ಉಳಿಯುತ್ತದೆ. ಡಿಲೇ (ಮಾರ್ದನಿ) ಮಾತ್ರ ಯಾವಾಗಲೂ ಗೇಟ್ ಆದಮೇಲೆ, ಡಾಟೆಡ್ 1/8ಕ್ಕೆ. ಅಂದರೆ ಮೂರು ಮನೆ, 375 ಮಿಲಿಸೆಕೆಂಡ್, ಸರಿಯಾಗಿ ಒಂದು ತಕಿಟ! ಮಾರ್ದನಿ ಕೂಡ ತಕಿಟ ಹೇಳುತ್ತದೆ.

ಒಂದೇ ಬಾರ್ ಸುತ್ತುತ್ತಿದ್ದರೆ ಬೇಗ ಬೇಸರ ಬರುತ್ತದೆ, ಅಲ್ವಾ? ಎರಡು ಬಾರಿಗೆ ಹಿಗ್ಗಿಸಿ. 32 ಮನೆ ಅಂದರೆ ಚತುರಶ್ರ ನಡೆಯಲ್ಲಿ (ಏಟಿಗೆ ನಾಲ್ಕು ಅಕ್ಷರ) ಎಂಟು ಏಟಿನ ಆದಿತಾಳದ ಒಂದು ಆವರ್ತ. 'ತಕಿಟ ತಕಧಿಮಿ' ನಾಲ್ಕು ಸಲ, ಕೊನೆಗೆ ಒಂದು ತಕಧಿಮಿ. ಏಳು ನಾಲ್ಕಲಿ 28, ಜೊತೆಗೆ 4. ಮಿಶ್ರದಲ್ಲಿ (ಏಳರ ಲೆಕ್ಕ) ಅಲೆದಾಡಿ ಎಂಟನೇ ಏಟಿಗೆ ಮನೆ ಸೇರುತ್ತದೆ.

ಈ ವಿಧಾನದಲ್ಲಿ ಒಂದು ಕೊರತೆ ಇದೆ. ಬಾಗಿಲಿಗೆ ತೆರೆದದ್ದು, ಮುಚ್ಚಿದ್ದು ಎರಡೇ ಗೊತ್ತು. ಮೃದಂಗದ ಮೀಟು, ಚಾಪು ಅನ್ನುವ ಏಟುಗಳಿಗೆ ಇರುವ ಗಾತ್ರದ ವ್ಯತ್ಯಾಸ ತರಬೇಕು ಅಂದರೆ ಗೇಟ್ ಬಿಟ್ಟು, ಬೇರೆ ಗುಂಡಿಗಳನ್ನು ತಾನಾಗೇ ಏರಿಳಿಸುವ, ವೈಟಲ್ ಒಳಗಿನ ಎಲ್‌ಎಫ್‌ಒ ಬಳಸಿ. ಅದರ ಅವಧಿಯನ್ನು 1/1ಕ್ಕೆ ಇಟ್ಟು, 16 ಮನೆಯ ಗ್ರಿಡ್ ಮೇಲೆ ಒಂದೊಂದು ಮನೆಗೂ ಬೇರೆ ಬೇರೆ ಎತ್ತರ ಬಿಡಿಸಿ, ಆಸಿಲೇಟರಿನ ಲೆವೆಲ್ ಮೇಲೆ ಎಳೆದು ಬಿಡಿ. ಚಟ್ ಅಂದರೆ ಸ್ಮೂತ್ ಗುಂಡಿಯನ್ನು ಸ್ವಲ್ಪ ತಿರುಗಿಸಿ.

ಏಬಲ್ಟನ್ ಲೈವ್ ಇದ್ದವರು ಅದರ ಗೇಟಿನಲ್ಲೇ ಇರುವ ಸೈಡ್‌ಚೈನ್ ಬಳಸಬಹುದು. ಎಫ್‌ಎಲ್ ಸ್ಟುಡಿಯೊದಲ್ಲಾದರೆ ಗ್ರಾಸ್ ಬೀಟಿನ ವಾಲ್ಯೂಮ್ ಗೆರೆಯನ್ನು ಬಿಡಿಸಿದರೆ ಇದೇ ಕೆಲಸ ಆಗುತ್ತದೆ. ಮನೆಗಳ ಲೆಕ್ಕ ಎಲ್ಲ ಕಡೆ ಒಂದೇ.

ಕೊನೆಗೆ ಕಿಕ್ (ಡ್ರಮ್ಮಿನ ದಪ್ಪ ಏಟು) ಸೇರಿಸಿ ಕೇಳಿ. ಮೊದಲ 'ತ' ಮೇಲೆ ಕಿಕ್ಕೂ ಪ್ಯಾಡೂ ಒಟ್ಟಿಗೆ ಬಿದ್ದು ಮಬ್ಬಾಗುತ್ತಿದ್ದರೆ ಕತ್ತರಿಯಲ್ಲಿ ಆ ಒಂದು ಸ್ವರವನ್ನು ಅಳಿಸಿ. ಬಾಯಲ್ಲಿ 'ತ' ನುಂಗಿ 'ಕಿ'ಯಿಂದ ಶುರು ಮಾಡಿದ ಹಾಗೆ ಆಗುತ್ತದೆ, ಕಿಕ್ಕಿಗೂ ಜಾಗ ಸಿಗುತ್ತದೆ.