ಹಳೇ ಕೀಬೋರ್ಡ್ ಕೊಳ್ಳೋದಾ, ಬೇಡ್ವಾ? ಕೀ ಒತ್ತಿ ನೋಡಿ ಹೇಳಿ

ಓಎಲ್‌ಎಕ್ಸ್‌ನಲ್ಲೋ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲೋ ಮಾರಾಟಕ್ಕೆ ಬರುವ ಸಂಗೀತದ ಕೀಬೋರ್ಡ್‌ಗಳಲ್ಲಿ ಹೆಚ್ಚಿನವು ಎರಡೇ ಬಗೆ. ಮಗಳು ಕಲಿಯಲಿ ಅಂತ ತಂದು, ಅವಳು ಎಸ್ಸೆಸ್ಸೆಲ್ಸಿಗೆ ಬಂದ ಮೇಲೆ ಅಟ್ಟ ಸೇರಿದ್ದು ಒಂದು. ಗಣೇಶನ ಪೆಂಡಾಲಿನಿಂದ ಮದುವೆ ಛತ್ರಕ್ಕೆ ಓಡಾಡಿ, ಆರ್ಕೆಸ್ಟ್ರಾದಲ್ಲಿ ದುಡಿದದ್ದು ಇನ್ನೊಂದು. ಮೊದಲನೆಯದು ಹೊಸದರಂತೆ ಹೊಳೆಯುತ್ತದೆ, ಎರಡನೆಯದಕ್ಕೆ ಮೈಯೆಲ್ಲ ಗೀರು. ಗೀರು ನೋಡಿ ಬೇಡ ಅನ್ನಬೇಡಿ. ಹೊಳಪು ನೋಡಿ ಹೂಂ ಅನ್ನಲೂ ಬೇಡಿ. ಮನೆಯಲ್ಲಿ ಕೂತು ಹಾಡು ಕಟ್ಟುವವರು ದುಡ್ಡು ಕೊಡಬೇಕಾದ್ದು ಕೀಗಳಿಗೆ. ‘600 ಟೋನ್ ಇದೆ ಸಾರ್’ ಅನ್ನುವ ಮಾತಿಗಲ್ಲ. ಟೋನ್ ಅಂದರೆ ಪಿಯಾನೋ, ಕೊಳಲು ಥರದ ವಾದ್ಯದ ದನಿ; ಅದು ಬೇಕಾದರೆ ಲ್ಯಾಪ್‌ಟಾಪ್‌ನಿಂದ ಪುಕ್ಕಟೆಯಾಗಿಯೂ ಸಿಗುತ್ತದೆ. ಒಳ್ಳೆಯ ಕೀ ಹಾಗೆ ಸಿಗುವುದಿಲ್ಲ.

1. ಮೊದಲು ನಿಮ್ಮ ಕೆಲಸ ಏನು, ಹೇಳಿ

ಭಜನೆ, ಭಾವಗೀತೆ ಹಾಡಿಕೊಂಡು ನುಡಿಸಬೇಕು, ತಬಲಾ ತಾಳ ಜೊತೆಗಿರಬೇಕು ಅಂದರೆ ಸ್ಪೀಕರ್ ಇರುವ ಕೀಬೋರ್ಡ್ ಸಾಕು. ಯಮಹಾದ ಪಿಎಸ್‌ಆರ್-ಐ ಸರಣಿಯಲ್ಲಿ ತಂಬೂರಿ, ತಬಲಾ ಎಲ್ಲ ಒಳಗೇ ಇರುತ್ತವೆ. ಕ್ಯಾಸಿಯೋದಲ್ಲೂ ಇಂಥ ಮಾಡೆಲ್‌ಗಳಿವೆ, ಹೆಸರಿನ ಕೊನೆಗೆ ‘ಐಎನ್’ ಇದೆಯಾ ನೋಡಿ. ಬಿಳಿ 4, ಕಪ್ಪು 2 ಅಂತ ಶ್ರುತಿ ಬದಲಾಯಿಸುತ್ತಿರಬೇಕಲ್ವಾ? ಟ್ರಾನ್ಸ್‌ಪೋಸ್ ಬಟನ್ ಕೈಗೆ ಸುಲಭವಾಗಿ ಸಿಗುವಂತಿರಲಿ.

ರೆಕಾರ್ಡಿಂಗ್ ಮಾಡುವ ಆಸೆ ಇದ್ದರೆ ಮೂರು ಸಂಗತಿ ಬೇಕು: ಟಚ್ ರೆಸ್ಪಾನ್ಸ್ (ಒತ್ತಿದ ಜೋರಿಗೆ ತಕ್ಕಂತೆ ಸದ್ದು), ಲ್ಯಾಪ್‌ಟಾಪ್‌ಗೆ ಸೇರಿಸಲು ಯುಎಸ್‌ಬಿ, ಕಾಲಲ್ಲಿ ಒತ್ತುವ ಪೆಡಲ್‌ಗೆ ಜಾಕ್. ಯಮಹಾ ಪಿಎಸ್‌ಆರ್-ಎಫ್51ರಲ್ಲಿ ಮೊದಲಿನ ಎರಡೂ ಇಲ್ಲ. ಮೆಲ್ಲಗೆ ಒತ್ತಿದರೂ ಗುದ್ದಿದರೂ ಒಂದೇ ಸದ್ದು. ಅಗ್ಗಕ್ಕೆ ಸಿಕ್ಕಿತು ಅಂತ ಸುಮ್ನೆ ತಂದುಕೊಳ್ಳಬೇಡಿ. ಗಮಕದ ಆಸೆಯಿದ್ದರೆ ಪಿಚ್ ಬೆಂಡ್ (ಸ್ವರವನ್ನು ಮೇಲೆ ಕೆಳಗೆ ಜಾರಿಸುವ ಚಕ್ರ ಅಥವಾ ಕಡ್ಡಿ) ಇದೆಯಾ ಅಂತಲೂ ನೋಡಿ.

ಆರ್ಕೆಸ್ಟ್ರಾದವರು ಮಾರುವ ರೋಲ್ಯಾಂಡ್ ಎಕ್ಸ್‌ಪಿಎಸ್-10, ಎಕ್ಸ್‌ಪಿಎಸ್-30 ಒಳ್ಳೆಯ ಸಿಂಥಸೈಜರ್‌ಗಳೇ (ದನಿಯನ್ನು ಬೇಕಾದಂತೆ ತಿದ್ದಿಕೊಳ್ಳಬಹುದಾದ ಕೀಬೋರ್ಡ್‌ಗಳು). ಆದರೆ ಅವುಗಳಲ್ಲಿ ಸ್ಪೀಕರ್ ಇಲ್ಲ. ಹೆಡ್‌ಫೋನ್ ಇಲ್ಲವೇ ಆಂಪ್ಲಿಫೈಯರ್ ಬೇಕೇ ಬೇಕು.

2. ಹೊರಡುವ ಮುಂಚೆ ಫೋನ್ ಮಾಡಿ

ಪೂರ್ತಿ ಮಾಡೆಲ್ ನಂಬರ್ ಕೇಳಿ. ಕಂಪನಿಯ ಅಡಾಪ್ಟರ್ ಇದೆಯಾ, ಒಮ್ಮೆಯಾದರೂ ಬಿಚ್ಚಿ ರಿಪೇರಿ ಮಾಡಿಸಿದ್ದಾರಾ, ಕೇಳಿ. ಮಾಡೆಲ್ ಗೊತ್ತಾದರೆ ಮ್ಯಾನುಯಲ್ ಕಂಪನಿಯ ಸೈಟಿನಲ್ಲೇ ಬಿಟ್ಟಿಯಾಗಿ ಸಿಗುತ್ತದೆ.

3. ಕೈಯಿಟ್ಟು ನೋಡುವ ಹೊತ್ತು

ಹೆಡ್‌ಫೋನ್, ಲ್ಯಾಪ್‌ಟಾಪ್, ಪ್ರಿಂಟರಿಗೆ ಹಾಕುವಂಥ ಯುಎಸ್‌ಬಿ ಕೇಬಲ್ ಚೀಲದಲ್ಲಿರಲಿ. ಪಿಯಾನೋ ಟೋನ್ ಇಟ್ಟು, ಟಚ್ ಆನ್ ಮಾಡಿ, ರಿವರ್ಬ್ (ದನಿಗೆ ಸೇರಿಸುವ ಮೊಳಗು) ಆಫ್ ಮಾಡಿ. ಎಡತುದಿಯಿಂದ ಬಲತುದಿಯವರೆಗೆ ಒಂದೊಂದೇ ಕೀಯನ್ನು ಮೆಲ್ಲಗೆ ಒತ್ತಿ. ಕಪ್ಪು ಕೀ ಬಿಡಬೇಡಿ. ಆಮೇಲೆ ಇದನ್ನೇ ಹದವಾಗಿ ಒಂದು ಸಲ, ಜೋರಾಗಿ ಒಂದು ಸಲ ಮಾಡಿ. ಮಾರುವವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಮೆಲ್ಲಗೆ ಯಾಕೆ ಅಂದರೆ, ಪ್ರತಿ ಕೀ ಕೆಳಗೆ ರಬ್ಬರಿನ ಗುಬ್ಬಿಯಲ್ಲಿ ಎರಡು ಕಾರ್ಬನ್ ಚುಕ್ಕೆಗಳಿರುತ್ತವೆ. ಮೊದಲು ಒಂದು ತಾಗುತ್ತದೆ, ಮರುಕ್ಷಣ ಇನ್ನೊಂದು. ನಡುವಿನ ಆ ಸಮಯ ಅಳೆದೇ ನೀವು ಎಷ್ಟು ಜೋರಾಗಿ ಒತ್ತಿದಿರಿ ಅಂತ ಕೀಬೋರ್ಡ್ ಲೆಕ್ಕ ಹಾಕುವುದು. ಒಂದು ಚುಕ್ಕೆಗೆ ಧೂಳು ಕೂತರೆ ಕೀ ಮೂಕಾಗುತ್ತದೆ, ಇಲ್ಲವೇ ಮೆಲ್ಲಗೆ ಮುಟ್ಟಿದರೂ ಕಿರುಚುತ್ತದೆ. ಅಲ್ಲೊಂದು ಇಲ್ಲೊಂದು ಕೀ ಹೀಗಿದ್ದರೆ ಗಾಬರಿ ಬೇಡ. ಬಿಚ್ಚಿ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆ ನೆಪದಲ್ಲಿ ಬೆಲೆ ಇಳಿಸಿ. ಆದರೆ ಎಂಟು ಕೀಗೊಂದರಂತೆ ಲೆಕ್ಕ ಹಾಕಿದ ಹಾಗೆ ಸತ್ತಿದ್ದರೆ, ಅಥವಾ ಸಾಲಾಗಿ ಒಂದು ಗುಂಪೇ ಸತ್ತಿದ್ದರೆ, ತೊಂದರೆ ಧೂಳಿನದ್ದಲ್ಲ, ಒಳಗಿನ ಬೋರ್ಡಿನದ್ದೋ ರಿಬ್ಬನ್ ಕೇಬಲ್ಲಿನದ್ದೋ ಇರಬಹುದು. ಅಂಥದ್ದನ್ನು ಅಲ್ಲೇ ಬಿಟ್ಟು ಬನ್ನಿ.

ಕಿವಿಯ ಮೇಲೆ ನಂಬಿಕೆ ಸಾಲದಿದ್ದರೆ ಲ್ಯಾಪ್‌ಟಾಪ್‌ಗೆ ಸೇರಿಸಿ, ಯಾವುದಾದರೂ ಉಚಿತ ಮಿಡಿ ಮಾನಿಟರ್ (ಯಾವ ಕೀಯನ್ನು ಎಷ್ಟು ಜೋರಾಗಿ ಒತ್ತಿದಿರಿ ಅಂತ ತೋರಿಸುವ ತಂತ್ರಾಂಶ) ತೆರೆಯಿರಿ. ಒತ್ತಿದ ಜೋರಿಗೆ ತಕ್ಕಂತೆ 1ರಿಂದ 127ರವರೆಗಿನ ಒಂದು ಸಂಖ್ಯೆ ಬರುತ್ತದೆ. ಪಕ್ಕದ ಕೀಗಳು 40, 45 ತೋರಿಸುವಾಗ ಒಂದೇ ಕೀ 127ಕ್ಕೆ ನೆಗೆದರೆ ಕಳ್ಳ ಸಿಕ್ಕಿಬಿದ್ದ. ಯುಎಸ್‌ಬಿ ಕೆಲಸ ಮಾಡುತ್ತದೆ ಅಂತಲೂ ಇದರಿಂದಲೇ ಗೊತ್ತಾಯಿತು.

ಬ್ಯಾಟರಿ ಹಾಕುವ ಜಾಗವಿದ್ದರೆ ಮುಚ್ಚಳ ತೆಗೆದು ನೋಡಿ. ಅಟ್ಟದ ಕೀಬೋರ್ಡಿನ ಗುಟ್ಟು ಇಲ್ಲಿರುತ್ತದೆ: ವರ್ಷಗಟ್ಟಲೆ ಬಿಟ್ಟ ಸೆಲ್ ಸೋರಿ, ಸ್ಪ್ರಿಂಗಿಗೆ ಹಸಿರು ಬಿಳಿ ಪುಡಿ ಹಿಡಿದಿರುತ್ತದೆ. ಆರ್ಕೆಸ್ಟ್ರಾದ್ದಾದರೆ ಹಿಂದಿನ ಜಾಕ್‌ಗಳನ್ನು ಅಲ್ಲಾಡಿಸಿ. ಸದ್ದು ಕಟ್ ಆಗಿ ಬಂದರೆ ಬೆಸುಗೆ ಬಿಟ್ಟಿದೆ ಅಂತ. ವಾಲ್ಯೂಮ್ ತಿರುಗಿಸುವಾಗ ಕರಕರ ಅನ್ನುವುದು ದೊಡ್ಡ ವಿಷಯವಲ್ಲ.

‘ಯಾವ ಅಡಾಪ್ಟರ್ ಆದ್ರೂ ನಡೆಯುತ್ತೆ’ ಅಂದರೆ ನಂಬಲೇಬೇಡಿ. ಯಮಹಾದ ಎಷ್ಟೋ ಮಾಡೆಲ್‌ಗಳಿಗೆ 12 ವೋಲ್ಟ್, ನಡುವಿನ ಪಿನ್ ಪ್ಲಸ್. ಹಳೇ ಕ್ಯಾಸಿಯೋಗಳಲ್ಲಿ ಹಲವಕ್ಕೆ 9 ವೋಲ್ಟ್, ನಡುವಿನ ಪಿನ್ ಮೈನಸ್. ಅದಲು ಬದಲಾದರೆ ಕೀಬೋರ್ಡೇ ಸುಟ್ಟುಹೋಗಬಹುದು.

4. ಹೆಸರಾಂತ ಹಳೇ ಮಾಡೆಲ್ ಕಂಡರೆ

1983ರ ಯಮಹಾ ಡಿಎಕ್ಸ್7, 1988ರ ಕಾರ್ಗ್ ಎಂ1 ಎದುರಿಗೆ ಬಂದರೆ ಮನಸ್ಸು ಸೋಲುತ್ತದೆ, ನಿಜ. ಇವುಗಳೊಳಗೆ ಟೋನ್‌ಗಳನ್ನು ನೆನಪಿಡಲು ಒಂದು ನಾಣ್ಯದ ಬ್ಯಾಟರಿ ಇರುತ್ತದೆ. ಅದು ಸತ್ತರೆ ಉಳಿಸಿಟ್ಟ ಟೋನ್ ಎಲ್ಲ ಹೋಯಿತು. ರೋಲ್ಯಾಂಡ್ ಜೆಡಿ-800ರಲ್ಲಿ ಕೀಗಳಿಗೆ ತೂಕದ ತುಂಡು ಅಂಟಿಸಲು ಹಾಕಿದ ಕೆಂಪು ಅಂಟು ಕರಗಿ ಒಳಗೆಲ್ಲ ಸುರಿಯುತ್ತದೆ. ಬೆಸುಗೆ ಕಡ್ಡಿ ಹಿಡಿಯಲು ಬರುವವರಿಗೆ ಇದು ಖುಷಿಯ ಕೆಲಸ. ಮೊದಲ ಕೀಬೋರ್ಡ್ ಕೊಳ್ಳುವವರಿಗೆ ಬೇಡ.

5. ಚೌಕಾಸಿ

ಅದೇ ಮಾಡೆಲ್, ಇಲ್ಲದಿದ್ದರೆ ಅದರ ಮುಂದಿನದು, ಹೊಸದಕ್ಕೆ ಇವತ್ತು ಎಷ್ಟು ಅಂತ ನೋಡಿ. ಅದರ ಅರ್ಧಕ್ಕಿಂತ ಜಾಸ್ತಿ ನಾನಂತೂ ಕೊಡುವುದಿಲ್ಲ. ಅಡಾಪ್ಟರ್, ಸ್ಟ್ಯಾಂಡ್, ಪೆಡಲ್ ಇಲ್ಲದಿದ್ದರೆ ಅವುಗಳ ಬೆಲೆಯನ್ನೂ ಕಳೆಯಿರಿ. ‘ಟೋನ್ ಎಲ್ಲ ಲೋಡ್ ಮಾಡ್ಸಿದ್ದೀನಿ’ ಅನ್ನುವುದಕ್ಕೆ ಬೇರೆ ದುಡ್ಡು ಬೇಡ. ಆದರೂ ಅವನ್ನು ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ, ಒಮ್ಮೆ ರೀಸೆಟ್ ಮಾಡಿದರೆ ಅಳಿಸಿಹೋಗಬಹುದು. ಬಿಲ್ ಇದ್ದರೆ ಅದರಲ್ಲಿರುವ ಸೀರಿಯಲ್ ನಂಬರ್ ಕೀಬೋರ್ಡಿನ ಕೆಳಗಿನ ನಂಬರಿಗೆ ತಾಳೆಯಾಗುತ್ತದಾ ನೋಡಿ, ಆಮೇಲೆ ಫೋನ್‌ಪೇ ತೆರೆಯಿರಿ.